ಚಾಪ್ಲಿನ್‌ಗೆ ಸಹಿ ಹಾಕುವವರು ಯಾರು? ಅಮೆರಿಕದ ಸೇನೆ, ಸಲಿಂಗಿ ಸೈನಿಕರು ಮತ್ತು ಧರ್ಮಸಂಸ್ಥೆಗಳು

ಅಮೆರಿಕದ ಸೇನೆಯಲ್ಲಿ ಸಲಿಂಗಿಗಳ ಮೇಲಿದ್ದ ನಿಷೇಧದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡು ಪಾಳೆಯ ಕಟ್ಟಿಬಿಡುತ್ತಾರೆ. ಇತ್ತ ಹಕ್ಕುಗಳ ಹೋರಾಟಗಾರರು ಮತ್ತು ವಕೀಲರು, ಅತ್ತ ಚರ್ಚು ಮತ್ತು ಬೈಬಲ್ಲು. ಇದರಲ್ಲಿ ನಿಜವಿರುವುದು ಅರ್ಧ ಮಾತ್ರ. ಚರ್ಚುಗಳಲ್ಲಿ ದೊಡ್ಡ ಪಾಲು ನಿಷೇಧದ ಪರವಾಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ನಿಷೇಧವನ್ನು ಮೊದಮೊದಲು ಲಿಖಿತವಾಗಿ ವಿರೋಧಿಸಿದ ಸಂಸ್ಥೆಗಳಲ್ಲಿ ಒಂದು ಪ್ರೊಟೆಸ್ಟೆಂಟ್ ಪಂಗಡವೂ ಇತ್ತು. ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನ ಸಾಮಾಜಿಕ ಕಾರ್ಯ ಮಂಡಳಿ 1969ರ ಏಪ್ರಿಲ್ 12ರಂದು ಒಂದು ನಿರ್ಣಯ ಅಂಗೀಕರಿಸಿತು. ಸಲಿಂಗಿಗಳನ್ನು ಸರ್ಕಾರಿ ನೌಕರಿಯಿಂದ, ಸೇನೆಯ ಭರ್ತಿಯಿಂದ ಸಾರಾಸಗಟಾಗಿ ಹೊರಗಿಡುವುದು ತಪ್ಪು; ಖಾಸಗಿಯಾಗಿ, ಪರಸ್ಪರ ಒಪ್ಪಿಗೆಯಿಂದ ನಡೆದ ಸಂಬಂಧಕ್ಕಾಗಿ ಸೈನಿಕನಿಗೆ ಮರ್ಯಾದೆಗೆಟ್ಟ ಬಿಡುಗಡೆ ಪತ್ರ ಕೊಟ್ಟು ಕಳಿಸುವುದು ಇನ್ನೂ ತಪ್ಪು ಎಂಬುದು ಅದರ ಸಾರ. ಆಗ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ನ್ಯೂಯಾರ್ಕಿನ ಸ್ಟೋನ್‌ವಾಲ್ ಗಲಭೆಗೆ, ಅಂದರೆ ಸಲಿಂಗಿ ಹಕ್ಕುಗಳ ಚಳವಳಿಗೆ ಕಿಡಿ ಹಚ್ಚಿದ ಘಟನೆಗೆ, ಇನ್ನೂ ಎರಡೂವರೆ ತಿಂಗಳು ಬಾಕಿಯಿತ್ತು.

ಮರುವರ್ಷ ಯುನಿಟೇರಿಯನ್ ಯುನಿವರ್ಸಲಿಸ್ಟ್ ಅಸೋಸಿಯೇಷನ್ ಎಂಬ ಉದಾರವಾದಿ ಧರ್ಮಸಂಸ್ಥೆ ಸಲಿಂಗಿಗಳ ವಿರುದ್ಧದ ತಾರತಮ್ಯವನ್ನು ಖಂಡಿಸಿತು. 1977ರಲ್ಲಿ ರಿಫಾರ್ಮ್ ಎಂಬ ಉದಾರವಾದಿ ಶಾಖೆಯ ಯಹೂದಿಗಳ ಒಕ್ಕೂಟ ಸಲಿಂಗಿಗಳ ನಾಗರಿಕ ಹಕ್ಕುಗಳ ಪರ ನಿಂತಿತು. ಇವು ಚಿಕ್ಕ ಅಥವಾ ಮಧ್ಯಮ ಗಾತ್ರದ ಪಂಗಡಗಳು. ನಿರ್ಣಯ ಮಾಡಿದ್ದಕ್ಕೇ ಸೇನೆ ಬದಲಾಗುವುದಿಲ್ಲ ಎಂಬುದು ಇವುಗಳಿಗೂ ಗೊತ್ತಿತ್ತು. ಕೊನೆಗೆ ಇವರ ಮಾತಿಗೆ ತೂಕ ಬಂದದ್ದು ಅಮೆರಿಕದ ಸೇನೆಯ ಒಂದು ವಿಚಿತ್ರ ಆಡಳಿತ ವ್ಯವಸ್ಥೆಯಿಂದ. ಚಾಪ್ಲಿನ್ ಎಂದು ಕರೆಯುವ ಸೇನೆಯೊಳಗಿನ ಧರ್ಮಗುರುಗಳನ್ನು, ಅಂದರೆ ಪಾದ್ರಿ, ರಬ್ಬಿ (ಯಹೂದಿ ಗುರು), ಇಮಾಮರನ್ನು ಸೇನೆ ತಾನಾಗಿ ಆರಿಸುವಂತಿಲ್ಲ. ಹೊರಗಿನ ಧರ್ಮಸಂಸ್ಥೆಯೊಂದು ಅವರಿಗೆ ಸಹಿ ಹಾಕಿ ಕೊಡಬೇಕು. ಈ ಸಹಿಯ ಸಂಗತಿ ಅರ್ಥವಾಗದೆ ನಿಷೇಧ ತೆಗೆಯುವ ಬಗ್ಗೆ 2010ರಲ್ಲಿ ನಡೆದ ವಾದವಿವಾದವಾಗಲಿ, ಇವತ್ತು ಉಳಿದಿರುವ ತಾರತಮ್ಯವಾಗಲಿ ಅರ್ಥವಾಗುವುದಿಲ್ಲ.

ನಿಷೇಧ ನಡೆದು ಬಂದ ದಾರಿ

ಎರಡನೇ ಮಹಾಯುದ್ಧದ ಕಾಲದಲ್ಲಿ ಸಲಿಂಗಿ ಎಂದು ಗುರುತಾದ ಸೈನಿಕರಿಗೆ ಬಹುಮಟ್ಟಿಗೆ ಸಿಗುತ್ತಿದ್ದದ್ದು ನೀಲಿ ಕಾಗದದ ಬಿಡುಗಡೆ ಪತ್ರ. ಅದು ಗೌರವಯುತವೂ ಅಲ್ಲ, ಅಗೌರವದ್ದೂ ಅಲ್ಲ, ಎರಡರ ನಡುವಿನದು. 1941ರ ಡಿಸೆಂಬರ್‌ನಿಂದ 1945ರ ಜೂನ್‌ವರೆಗೆ ಭೂಸೇನೆಯೊಂದೇ ಇಂಥ 48,603 ಪತ್ರಗಳನ್ನು ಹಂಚಿತು. ಅದರಲ್ಲಿ 10,806 ಹೋದದ್ದು ಕಪ್ಪು ಸೈನಿಕರಿಗೆ. ನೀಲಿ ಪತ್ರ ಎಲ್ಲರಿಗೂ ಸಲಿಂಗಿ ಎಂಬ ಕಾರಣಕ್ಕೇ ಸಿಕ್ಕಿದ್ದಲ್ಲ, ಬೇಡವಾದವರನ್ನು ಕೋರ್ಟ್ ಮಾರ್ಷಲ್ ಇಲ್ಲದೆ ಸಾಗಹಾಕಲು ಅದೊಂದು ಸುಲಭದ ಉಪಾಯವಾಗಿತ್ತು. ಪತ್ರ ಹಿಡಿದು ಬಂದವನಿಗೆ ಮಾಜಿ ಸೈನಿಕರ ಶಿಕ್ಷಣ ಸೌಲಭ್ಯವೂ ಇಲ್ಲ, ಮನೆ ಸಾಲವೂ ಇಲ್ಲ, ಕೆಲಸಕ್ಕೆ ಹೋದರೆ ಕಾಗದದ ಬಣ್ಣ ನೋಡಿಯೇ ಬಾಗಿಲು ಮುಚ್ಚುತ್ತಿತ್ತು. 1947ರಲ್ಲಿ ಈ ಪತ್ರ ರದ್ದಾಯಿತು, ಪದ್ಧತಿ ರದ್ದಾಗಲಿಲ್ಲ.

1975ರಲ್ಲಿ ವಾಯುಸೇನೆಯ ಸಾರ್ಜೆಂಟ್ ಲಿಯೊನಾರ್ಡ್ ಮ್ಯಾಟ್ಲೊವಿಚ್ ತಾನು ಸಲಿಂಗಿ ಎಂದು ಮೇಲಧಿಕಾರಿಗೆ ಬರೆದುಕೊಟ್ಟು ನಿಷೇಧವನ್ನು ಬಹಿರಂಗವಾಗಿ ಪ್ರಶ್ನಿಸಿದರು. ವಿಯೆಟ್ನಾಂನಲ್ಲಿ ಪದಕ ಗಳಿಸಿದ್ದವರು ಅವರು. ಸೇನೆ ಅವರನ್ನು ಹೊರಹಾಕಿತು. 1981ರ ರಕ್ಷಣಾ ಇಲಾಖೆಯ ನಿರ್ದೇಶನ, ಸಲಿಂಗಕಾಮ ಸೇನಾ ಸೇವೆಗೆ ಹೊಂದುವಂಥದ್ದಲ್ಲ ಎಂದು ನೇರವಾಗಿ ಬರೆಯಿತು. ನಿಷೇಧ ತೆಗೆಯುವುದಾಗಿ 1992ರ ಚುನಾವಣೆಯಲ್ಲಿ ಮಾತು ಕೊಟ್ಟಿದ್ದ ಬಿಲ್ ಕ್ಲಿಂಟನ್ ಕೊನೆಗೆ ಒಂದು ರಾಜಿಗೆ ಒಪ್ಪಿದರು. 1993ರ ನವೆಂಬರ್ 30ರಂದು ಸಹಿ ಬಿದ್ದ ಆ ಕಾನೂನೇ 'ಡೋಂಟ್ ಆಸ್ಕ್, ಡೋಂಟ್ ಟೆಲ್'. ಅಂದರೆ ನಾವು ಕೇಳುವುದಿಲ್ಲ, ನೀವೂ ಹೇಳಬೇಡಿ.

ಸೇನೆಯಿಂದ ಹೊರಹಾಕಲು ಆ ಕಾನೂನು ಕೊಟ್ಟ ಕಾರಣಗಳು ಮೂರು. ಮೊದಲನೆಯದು ನಡತೆ. ಎರಡನೆಯದು ಹೇಳಿಕೆ: "ನಾನು ಸಲಿಂಗಿ" ಎಂದು ಯಾರ ಬಳಿಯಾದರೂ ಹೇಳಿದರೆ ಸಾಕು. ಮೂರನೆಯದು ಮದುವೆ, ಅಥವಾ ಮದುವೆಯ ಪ್ರಯತ್ನ. ಈ ಮೂರನೆಯದನ್ನು ಸ್ವಲ್ಪ ನಿಂತು ನೋಡಬೇಕು. ಅಮೆರಿಕದಲ್ಲಿ ಸಲಿಂಗ ಮದುವೆಗೆ ಮೊದಲು ಲೈಸೆನ್ಸ್ ಕೊಟ್ಟ ರಾಜ್ಯ ಮ್ಯಾಸಚೂಸೆಟ್ಸ್, ಅದೂ 2004ರ ಮೇ ತಿಂಗಳಲ್ಲಿ. ಕಾನೂನು ಬಂದ ಮೇಲಿನ ಮೊದಲ ಹತ್ತು ವರ್ಷ ಇಡೀ ದೇಶದಲ್ಲಿ ಎಲ್ಲೂ ಸರ್ಕಾರಿ ಮದುವೆ ಸಾಧ್ಯವೇ ಇರಲಿಲ್ಲ. ಹಾಗಿದ್ದ ಮೇಲೆ 'ಪ್ರಯತ್ನ' ಎಂದರೆ ಬೇರೇನಿರಲು ಸಾಧ್ಯ? ಯುನಿಟೇರಿಯನ್ ಸಭೆಯಲ್ಲೋ, ಉದಾರವಾದಿ ಚರ್ಚಿನಲ್ಲೋ, ಸಿನಗಾಗ್ ಎಂಬ ಯಹೂದಿ ಮಂದಿರದಲ್ಲೋ ಗುರುವಿನ ಮುಂದೆ ನಿಂತು ಮಾಡಿಕೊಂಡ ಒಡಂಬಡಿಕೆ. ಒಂದು ಧರ್ಮಸಂಸ್ಥೆ ಪವಿತ್ರವೆಂದು ನಡೆಸಿಕೊಟ್ಟ ವಿಧಿಯೇ ನೌಕರಿ ಕಳೆಯುವ ಸಾಕ್ಷಿಯಾಗುವಂಥ ಕಾನೂನು ಅದು. ಧಾರ್ಮಿಕ ಸ್ವಾತಂತ್ರ್ಯದ ಹೆಸರಿನಲ್ಲಿ ನಿಷೇಧವನ್ನು ಸಮರ್ಥಿಸಿದವರಿಗೆ ಈ ಅಂಶ ಕಾಣಲಿಲ್ಲ, ಅಥವಾ ಕಂಡರೂ ಕಾಣದಂತಿದ್ದರು.

1994ರಿಂದ 2011ರವರೆಗೆ ಈ ಕಾನೂನಿನಡಿ ಸೇನೆ ಬಿಟ್ಟವರು 13 ಸಾವಿರಕ್ಕೂ ಹೆಚ್ಚು ಮಂದಿ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2011ರಲ್ಲಿ ಕೊಟ್ಟ ವರದಿಯ ಪ್ರಕಾರ 2004ರಿಂದ 2009ರ ಆರು ಆರ್ಥಿಕ ವರ್ಷಗಳಲ್ಲೇ 3,664 ಜನ ಹೋದರು. ಅವರನ್ನು ತೆಗೆದು, ಅವರ ಜಾಗಕ್ಕೆ ಬೇರೆಯವರನ್ನು ತರಲು ಆದ ಖರ್ಚು ಸುಮಾರು 19.3 ಕೋಟಿ ಡಾಲರ್, ತಲೆಗೆ 52,800 ಡಾಲರ್. ಹೋದವರಲ್ಲಿ ಸುಮಾರು 40 ಶೇಕಡಾ ಮಂದಿ ಸೇನೆಗೆ ಅತ್ಯಗತ್ಯವಾದ ಹುದ್ದೆಯಲ್ಲಿದ್ದವರು, ಇಲ್ಲವೇ ಬೇಕಾದ ವಿದೇಶಿ ಭಾಷೆ ಬಲ್ಲವರು.

ಸಹಿಯ ಮಹಿಮೆ

ಅಮೆರಿಕದ ಸೇನೆಯಲ್ಲಿ ಚಾಪ್ಲಿನ್ ಎಂದರೆ ಕಮಿಷನ್ಡ್ ಅಧಿಕಾರಿ. ಭೂಸೇನೆಯ ಚಾಪ್ಲಿನ್ ದಳ 1775ರ ಜುಲೈ 29ರಷ್ಟು ಹಳೆಯದು, ದೇಶದ ಸ್ವಾತಂತ್ರ್ಯ ಘೋಷಣೆಗಿಂತಲೂ ಒಂದು ವರ್ಷ ಹಿಂದಿನದು. ಚಾಪ್ಲಿನ್ ಆಗಲು ಪದವಿಯ ಮೇಲೆ ಧರ್ಮಶಾಸ್ತ್ರದಲ್ಲಿ ಅಥವಾ ಅದಕ್ಕೆ ಹತ್ತಿರದ ವಿಷಯದಲ್ಲಿ 72 ಸೆಮಿಸ್ಟರ್ ಗಂಟೆಗಳ ಸ್ನಾತಕೋತ್ತರ ಓದು ಬೇಕು. ಅದೆಲ್ಲದರ ಮೇಲೆ ಬೇಕಾದದ್ದು ಡಿಡಿ ಫಾರ್ಮ್ 2088. ರಕ್ಷಣಾ ಇಲಾಖೆ ಮಾನ್ಯ ಮಾಡಿದ ಧರ್ಮಸಂಸ್ಥೆಯೊಂದು "ಈ ವ್ಯಕ್ತಿ ನಮ್ಮ ಗುರು, ನಮ್ಮ ಪರವಾಗಿ ಸೇವೆ ಸಲ್ಲಿಸಲು ಅರ್ಹ" ಎಂದು ಆ ಫಾರ್ಮಿಗೆ ಸಹಿ ಹಾಕಬೇಕು. ಸಹಿ ಒಮ್ಮೆ ಬಿದ್ದರೆ ಮುಗಿಯಲಿಲ್ಲ. ಸಂಸ್ಥೆ ಯಾವಾಗ ಬೇಕಾದರೂ ಅದನ್ನು ವಾಪಸ್ ಪಡೆಯಬಹುದು. ವಾಪಸ್ ಪಡೆದರೆ ಆ ಚಾಪ್ಲಿನ್ ಇನ್ನೊಂದು ಸಂಸ್ಥೆಯ ಸಹಿ ಹುಡುಕಿಕೊಳ್ಳಬೇಕು, ಸಿಗದಿದ್ದರೆ ಚಾಪ್ಲಿನ್ ಆಗಿ ಉಳಿಯುವಂತಿಲ್ಲ. ಇಂಥ ಸಹಿ ಹಾಕುವ ಸಂಸ್ಥೆಗಳು 2010ರ ಹೊತ್ತಿಗೆ 200ಕ್ಕೂ ಹೆಚ್ಚಿದ್ದವು, ಚಾಪ್ಲಿನ್‌ಗಳು ಸುಮಾರು 3,000.

ನಮ್ಮವರಿಗೆ ಹತ್ತಿರದ ಒಂದು ಉದಾಹರಣೆಯಿದೆ. ಮುಂಬಯಿಯಲ್ಲಿ ಹುಟ್ಟಿದ ಪ್ರತಿಮಾ ಧರ್ಮ್ 2011ರಲ್ಲಿ ಅಮೆರಿಕದ ಸೇನೆಯ ಮೊದಲ ಹಿಂದೂ ಚಾಪ್ಲಿನ್ ಆದಾಗ ಅವರಿಗೆ ಸಹಿ ಹಾಕಿದ್ದು ಚಿನ್ಮಯ ಮಿಷನ್ ವೆಸ್ಟ್. ಅದಕ್ಕೆ ಮೊದಲು ಅವರು ಒಂದು ಕ್ರೈಸ್ತ ಪಂಗಡದ ಸಹಿಯ ಮೇಲೆ ಚಾಪ್ಲಿನ್ ಆಗಿದ್ದರು. ವ್ಯಕ್ತಿ ಅವರೇ, ಪದವಿಯೂ ಅದೇ, ಬದಲಾದದ್ದು ಫಾರ್ಮಿನ ಮೇಲಿನ ಸಹಿ.

ಭಾರತದ ಸೇನೆಯಲ್ಲಿ ಈ ಏರ್ಪಾಡು ಇಲ್ಲ. ಇಲ್ಲಿ ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಷು ಎಲ್ಲರೂ 'ರಿಲಿಜಿಯಸ್ ಟೀಚರ್' ಹೆಸರಿನ ಜೂನಿಯರ್ ಕಮಿಷನ್ಡ್ ಅಧಿಕಾರಿಗಳು, ನಾಯಬ್ ಸುಬೇದಾರ್ ದರ್ಜೆಯವರು. ಸೇನೆಯೇ ಅರ್ಜಿ ಕರೆದು, ಪರೀಕ್ಷೆ ನಡೆಸಿ ತೆಗೆದುಕೊಳ್ಳುತ್ತದೆ. ಹೊರಗಿನ ಮಠವೋ ಚರ್ಚೋ ಅವರ ಮೇಲೆ ಹಿಡಿತ ಇಟ್ಟುಕೊಂಡಿರುವುದಿಲ್ಲ, ಆದ್ದರಿಂದ ಸೇನೆಯ ನೀತಿಯ ಬಗ್ಗೆ ಒಳಗಿನಿಂದ ಮಾತಾಡುವ ದಾರಿಯೂ ಅವಕ್ಕೆ ಇಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದರೂ, 1950ರ ಸೇನಾ ಕಾಯ್ದೆಯ 46ನೇ ಸೆಕ್ಷನ್ ತನ್ನ ಪಾಡಿಗೆ ತಾನು ಉಳಿದುಕೊಂಡಿತು. 'ಅಸ್ವಾಭಾವಿಕ' ಸ್ವರೂಪದ ಅವಮಾನಕರ ನಡತೆಗೆ ಅದು ಏಳು ವರ್ಷದವರೆಗೆ ಸೆರೆಮನೆ ಹೇಳುತ್ತದೆ. ಸೈನಿಕರ ಮೂಲಭೂತ ಹಕ್ಕುಗಳನ್ನು ಮೊಟಕು ಮಾಡಲು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ಇದನ್ನೆಲ್ಲ ಸೇನೆಯಲ್ಲಿ ಬಿಡುವುದಿಲ್ಲ ಎಂದು ಆಗಿನ ಭೂಸೇನಾ ಮುಖ್ಯಸ್ಥ ಬಿಪಿನ್ ರಾವತ್ 2019ರ ಜನವರಿಯಲ್ಲಿ ಪತ್ರಕರ್ತರ ಮುಂದೆಯೇ ಹೇಳಿದರು. ಹೀಗಾಗಿ ಅಮೆರಿಕದ ಅನುಭವವನ್ನು ಇಲ್ಲಿಗೆ ಎತ್ತಿ ತಂದು ಕೂರಿಸಲು ಬರುವುದಿಲ್ಲ.

2010: ಯಾರ ಧಾರ್ಮಿಕ ಸ್ವಾತಂತ್ರ್ಯ?

2010ರ ಫೆಬ್ರವರಿ 2ರಂದು ಜಂಟಿ ಸೇನಾ ಮುಖ್ಯಸ್ಥ ಅಡ್ಮಿರಲ್ ಮೈಕ್ ಮಲ್ಲೆನ್ ಸೆನೆಟ್ ಸಮಿತಿಯ ಮುಂದೆ, ಸಲಿಂಗಿಗಳು ಬಹಿರಂಗವಾಗಿ ಸೇವೆ ಸಲ್ಲಿಸಲು ಬಿಡುವುದೇ ಸರಿ ಎಂದು ತಮ್ಮ ವೈಯಕ್ತಿಕ ಅಭಿಪ್ರಾಯ ಹೇಳಿದರು. ಅದರೊಂದಿಗೆ 'ತುಕಡಿಯ ಒಗ್ಗಟ್ಟು ಒಡೆಯುತ್ತದೆ' ಎಂಬ ಹಳೆಯ ವಾದ ಅರ್ಧ ಕುಸಿಯಿತು. ಮುಂಚೂಣಿಗೆ ಬಂದದ್ದು ಧರ್ಮದ ವಾದ. ಅದೇ ವರ್ಷದ ಏಪ್ರಿಲ್‌ನಲ್ಲಿ ಹತ್ತಾರು ನಿವೃತ್ತ ಚಾಪ್ಲಿನ್‌ಗಳು ಅಧ್ಯಕ್ಷ ಒಬಾಮಾ ಅವರಿಗೆ ನಿಷೇಧ ತೆಗೆಯಬೇಡಿ ಎಂದು ಪತ್ರ ಬರೆದರು. ಸೇನೆಯ ಕ್ಯಾಥೊಲಿಕರ ಆರ್ಚ್‌ಬಿಷಪ್ ವಿರೋಧಿಸಿದರು. ಸಂಪ್ರದಾಯವಾದಿ ಪ್ರೊಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ವಿರೋಧಿಸಿತು. ಅವರ ಆತಂಕ ಇಷ್ಟು: ನಾಳೆ ಸಲಿಂಗಕಾಮ ಪಾಪ ಎಂದು ಬೋಧಿಸಿದ ಚಾಪ್ಲಿನ್ ಮೇಲೆ ತಾರತಮ್ಯದ ಆರೋಪ ಬರುತ್ತದೆ, ಒತ್ತಾಯದಿಂದ ಸಲಿಂಗ ಜೋಡಿಗಳಿಗೆ ಮದುವೆ ಮಾಡಿಸಬೇಕಾಗುತ್ತದೆ, ಸಾಲುಸಾಲು ಚಾಪ್ಲಿನ್‌ಗಳು ರಾಜೀನಾಮೆ ಕೊಡುತ್ತಾರೆ.

ನಿಷೇಧದ ವಿರುದ್ಧ ನಿಂತ ಧರ್ಮಸಂಸ್ಥೆಗಳು ಇದಕ್ಕೆ ಮಾನವ ಹಕ್ಕುಗಳ ಭಾಷಣದಿಂದ ಉತ್ತರಿಸಿದ್ದರೆ ಯಾರೂ ಕಿವಿಗೊಡುತ್ತಿರಲಿಲ್ಲ ಎಂಬುದು ನಮ್ಮ ಅನಿಸಿಕೆ. ಅವು ಚಾಪ್ಲಿನ್ ದಳದ ನಿಯಮಗಳನ್ನೇ ಹಿಡಿದು ಮಾತಾಡಿದವು. ಫೋರಂ ಆನ್ ದ ಮಿಲಿಟರಿ ಚಾಪ್ಲಿನ್ಸಿ ಎಂಬ ಗುಂಪಿನಲ್ಲಿದ್ದ ನಿವೃತ್ತ ಚಾಪ್ಲಿನ್‌ಗಳು, ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್, ರಿಫಾರ್ಮ್ ಯಹೂದಿಗಳು, ಯುನಿಟೇರಿಯನ್ನರು ಮುಂದಿಟ್ಟ ದಾರಿಯಲ್ಲಿ ಎರಡು ಮುಖ್ಯ ಅಂಶಗಳಿದ್ದವು.

ಒಂದು, ಚಾಪ್ಲಿನ್ ದಳದ ಹಳೆಯ ಸೂತ್ರ: ವಿಧಿಯನ್ನು ನೀನೇ ಮಾಡು, ಇಲ್ಲವೇ ಮಾಡುವವರನ್ನು ಒದಗಿಸು. ಬ್ಯಾಪ್ಟಿಸ್ಟ್ ಪಾದ್ರಿ ಮಗುವಿಗೆ ದೀಕ್ಷಾಸ್ನಾನ ಮಾಡಿಸುವುದಿಲ್ಲ, ಆದರೆ ಕ್ಯಾಥೊಲಿಕ್ ತಂದೆತಾಯಿ ಬಂದರೆ ಕ್ಯಾಥೊಲಿಕ್ ಪಾದ್ರಿಯನ್ನು ಹುಡುಕಿ ಕೊಡುತ್ತಾರೆ. ರಬ್ಬಿ ಮಾಸ್ (ಕ್ಯಾಥೊಲಿಕರ ಪೂಜೆ) ಹೇಳುವುದಿಲ್ಲ, ಮಾಸ್‌ಗೆ ವ್ಯವಸ್ಥೆ ಮಾಡುತ್ತಾರೆ. ವಿಚ್ಛೇದನ ಪಾಪ ಎಂದು ನಂಬುವ ಚಾಪ್ಲಿನ್‌ಗಳು ವಿಚ್ಛೇದಿತ ಸೈನಿಕರ ಜೊತೆ ದಿನವೂ ಕೆಲಸ ಮಾಡುತ್ತಿದ್ದಾರೆ. ಸಲಿಂಗಿಗಳ ವಿಷಯದಲ್ಲಿ ಮಾತ್ರ ಈ ಸೂತ್ರ ಮುರಿದು ಬೀಳುತ್ತದೆ ಎನ್ನಲು ಆಧಾರವಿಲ್ಲ.

ಎರಡು, ನಿಷೇಧ ಇರುವುದರಿಂದಲೇ ತಮ್ಮ ಧಾರ್ಮಿಕ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಿದೆ ಎಂಬ ಮಾತು. ಸಲಿಂಗಿಗಳನ್ನು ಪೂರ್ಣ ಸದಸ್ಯರೆಂದು ಒಪ್ಪುವ ಪಂಗಡದ ಚಾಪ್ಲಿನ್ ತನ್ನದೇ ಸಭೆಯ ಸೈನಿಕನಿಗೆ ಬಹಿರಂಗವಾಗಿ ಆಪ್ತಸಲಹೆ ಕೊಡುವಂತಿಲ್ಲ, ಆತನ ಸಂಗಾತಿಯನ್ನು ಕುಟುಂಬ ಕಾರ್ಯಕ್ರಮಕ್ಕೆ ಕರೆಯುವಂತಿಲ್ಲ, ಸಂಗಾತಿ ಸತ್ತರೆ ಎಲ್ಲರೆದುರು ಸಾಂತ್ವನ ಹೇಳುವಂತಿಲ್ಲ. ಹಾಗಾದರೆ ಸರ್ಕಾರ ರಕ್ಷಿಸುತ್ತಿರುವುದು ಧರ್ಮವನ್ನಲ್ಲ, ಒಂದು ಬಗೆಯ ಧರ್ಮವನ್ನು ಮಾತ್ರ.

ಗೌಪ್ಯತೆಯ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಇತ್ತು. ಕೋರ್ಟ್ ಮಾರ್ಷಲ್‌ನ ಸಾಕ್ಷ್ಯ ನಿಯಮಗಳಲ್ಲಿ ಗುರುವಿನ ಬಳಿ ಹೇಳಿಕೊಂಡ ಮಾತಿಗೆ 503ನೇ ನಿಯಮದ ರಕ್ಷಣೆ ಇತ್ತು. ಮನೋವೈದ್ಯರ ಬಳಿ ಹೇಳಿದ್ದಕ್ಕೆ ಆ ರಕ್ಷಣೆ ಬಂದದ್ದು 1999ರಲ್ಲಿ, ಅದೂ ಕೋರ್ಟ್ ಮಾರ್ಷಲ್‌ಗೆ ಸೀಮಿತವಾಗಿ. ಆದರೆ ಸಲಿಂಗಿಗಳನ್ನು ಹೊರಹಾಕುತ್ತಿದ್ದದ್ದು ಬಹುತೇಕ ಆಡಳಿತಾತ್ಮಕ ವಿಚಾರಣೆಯಲ್ಲಿ, ಕೋರ್ಟ್ ಮಾರ್ಷಲ್‌ನಲ್ಲಲ್ಲ. ಅಲ್ಲಿ ಸಾಕ್ಷ್ಯದ ಕಟ್ಟುನಿಟ್ಟು ಸಡಿಲ. ಖಿನ್ನತೆಯಿಂದ ಬಳಲುವ ಸೈನಿಕ ಆಸ್ಪತ್ರೆಗೆ ಹೋಗಿ ಕಾರಣ ಹೇಳಿದರೆ ಅದೇ 'ಹೇಳಿಕೆ' ಆಗಿಬಿಡಬಹುದಿತ್ತು. ವಕೀಲರು, ಗುರುಗಳು, ಮನೋವೈದ್ಯರು, ವೈದ್ಯರ ಬಳಿ ಹೇಳಿಕೊಂಡದ್ದನ್ನು ಸೇನೆಯಿಂದ ಹೊರಹಾಕಲು ಬಳಸಬಾರದು ಎಂದು ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಆದೇಶಿಸಿದ್ದು 2010ರ ಮಾರ್ಚ್ 25ರಂದು, ಕಾನೂನು ಬಂದು ಹದಿನಾರು ವರ್ಷಗಳಾದ ಮೇಲೆ.

ಚಾಪ್ಲಿನ್‌ಗಳ ಸಾಮೂಹಿಕ ರಾಜೀನಾಮೆಯ ಭಯಕ್ಕೆ ಉತ್ತರ ಸಿಕ್ಕಿದ್ದು 2010ರ ನವೆಂಬರ್ 30ರಂದು ಬಂದ ರಕ್ಷಣಾ ಇಲಾಖೆಯ ಸಮಗ್ರ ವರದಿಯಲ್ಲಿ. ಸುಮಾರು 4 ಲಕ್ಷ ಸೈನಿಕರಿಗೆ ಪ್ರಶ್ನಾವಳಿ ಕಳಿಸಿ 1,15,052 ಉತ್ತರ ಪಡೆದ ಅಧ್ಯಯನ ಅದು. ನಿಷೇಧ ತೆಗೆದರೆ ಒಳ್ಳೆಯ ಪರಿಣಾಮವೋ, ಮಿಶ್ರ ಪರಿಣಾಮವೋ ಆದೀತು ಅಥವಾ ಏನೂ ಆಗದು ಎಂದವರು ಸುಮಾರು 70 ಶೇಕಡಾ. ಚರ್ಚಾಗುಂಪುಗಳಲ್ಲಿ ಕೂತ ಸುಮಾರು 145 ಚಾಪ್ಲಿನ್‌ಗಳಲ್ಲಿ ಸೇನೆ ಬಿಡುತ್ತೇವೆ ಎಂದವರು ಮೂವರು. ಸಹಿ ಹಾಕುವ ಸಂಸ್ಥೆಗಳನ್ನೂ ಕೇಳಲಾಗಿತ್ತು. ಉತ್ತರಿಸಿದವುಗಳಲ್ಲಿ ಹೆಚ್ಚಿನವು ಬದಲಾವಣೆಗೆ ವಿರುದ್ಧವಾಗಿದ್ದವು, ಆದರೆ ಸಹಿ ವಾಪಸ್ ಪಡೆಯುತ್ತೇವೆ ಎಂದು ಒಂದೂ ಹೇಳಲಿಲ್ಲ. ಸೇನೆಯೊಳಗಿನ ಜಾಗವನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ. ಡಿಸೆಂಬರ್ 15ರಂದು ಕೆಳಮನೆ 250–175 ಮತಗಳಿಂದ, 18ರಂದು ಸೆನೆಟ್ 65–31 ಮತಗಳಿಂದ ನಿಷೇಧ ರದ್ದಿಗೆ ಒಪ್ಪಿದವು. 22ರಂದು ಒಬಾಮಾ ಸಹಿ ಹಾಕಿದರು. ಜಾರಿಗೆ ಬಂದದ್ದು 2011ರ ಸೆಪ್ಟೆಂಬರ್ 20.

ನಿಷೇಧವನ್ನು ವಿರೋಧಿಸಿದ ಪಂಗಡಗಳಿಗೆ ತಮ್ಮದೇ ಒಂದು ಮುಜುಗರವಿತ್ತು ಎಂಬುದನ್ನೂ ಹೇಳಬೇಕು. ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ 1985ರಲ್ಲಿ ತನ್ನನ್ನು 'ನ್ಯಾಯದ ಶಾಂತಿ'ಯ ಚರ್ಚ್ ಎಂದು ಘೋಷಿಸಿಕೊಂಡಿತ್ತು. ಯುನಿಟೇರಿಯನ್ನರಲ್ಲಿ ಯುದ್ಧವಿರೋಧಿಗಳು ಬಹಳ. ಯುದ್ಧವೇ ಬೇಡ ಎನ್ನುವವರು ಯುದ್ಧಕ್ಕೆ ಹೋಗುವ ಹಕ್ಕಿಗಾಗಿ ಹೋರಾಡುವುದು ಹೇಗೆ? ಸೇನೆ ಇರಬೇಕೇ ಎಂಬುದು ಒಂದು ಪ್ರಶ್ನೆ, ಇರುವ ಸೇನೆಯಲ್ಲಿ ಯಾರನ್ನು ಹೊರಗಿಡಬಹುದು ಎಂಬುದು ಬೇರೆ ಪ್ರಶ್ನೆ ಎಂದು ಬಿಡಿಸಿ ಹೇಳಬಹುದು, ಅದು ಸರಿಯೂ ಹೌದು. ಆದರೆ ಈ ಹಿಂಜರಿಕೆಯ ಒಂದು ಫಲ ಇವತ್ತಿಗೂ ಉಳಿದಿದೆ. ಇಂಥ ಪಂಗಡಗಳಿಂದ ಚಾಪ್ಲಿನ್ ಆಗಲು ಬರುವವರು ಕಡಿಮೆ. ಸಂಪ್ರದಾಯವಾದಿ ಇವ್ಯಾಂಜೆಲಿಕಲ್ ಪಂಗಡಗಳು ಬಹಳ ಮಂದಿಯನ್ನು ಕಳಿಸುತ್ತವೆ. ನಿರ್ಣಯ ಅಂಗೀಕರಿಸುವುದರಲ್ಲಿ ಮುಂದೆ, ಜನ ಕಳಿಸುವುದರಲ್ಲಿ ಹಿಂದೆ.

ನೆಲೆಯಲ್ಲಿ ಮದುವೆ

ನಿಷೇಧ ಹೋದ ಹತ್ತನೇ ದಿನ, 2011ರ ಸೆಪ್ಟೆಂಬರ್ 30ರಂದು ರಕ್ಷಣಾ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಸ್ಥಳೀಯ ಕಾನೂನು ಅಡ್ಡಿ ಮಾಡದಿದ್ದರೆ ಚಾಪ್ಲಿನ್ ಸೇನಾ ನೆಲೆಯ ಒಳಗೂ ಹೊರಗೂ ಖಾಸಗಿ ಸಮಾರಂಭ ನಡೆಸಿಕೊಡಬಹುದು. ನಂಬಿಕೆ ಒಪ್ಪದಿದ್ದರೆ ನಡೆಸಿಕೊಡಬೇಕಾಗಿಲ್ಲ. 2013ರ ಜನವರಿಯಲ್ಲಿ ಸಹಿಯಾದ ರಕ್ಷಣಾ ಕಾನೂನಿನ 533ನೇ ಸೆಕ್ಷನ್ ಎರಡನೇ ಭಾಗವನ್ನು ಕಾನೂನಾಗಿಯೇ ಗಟ್ಟಿಮಾಡಿತು: ಆತ್ಮಸಾಕ್ಷಿಗೆ ವಿರುದ್ಧವಾದ ವಿಧಿಗೆ ಚಾಪ್ಲಿನ್‌ನನ್ನು ಒತ್ತಾಯಿಸುವಂತಿಲ್ಲ, ನಿರಾಕರಿಸಿದ್ದಕ್ಕೆ ಶಿಕ್ಷಿಸುವಂತಿಲ್ಲ.

ಸಹಿಯ ಹಿಡಿತ ಎಷ್ಟು ಬಿಗಿ ಎಂಬುದು 2012ರ ಜೂನ್‌ನಲ್ಲಿ ನ್ಯೂಜೆರ್ಸಿಯ ಮೆಗ್ವಾಯರ್–ಡಿಕ್ಸ್–ಲೇಕ್‌ಹರ್ಸ್ಟ್ ನೆಲೆಯಲ್ಲಿ ಕಂಡಿತು. ಅಲ್ಲಿ ವಾಯುಸೇನೆಯ ಸಾರ್ಜೆಂಟ್ ಒಬ್ಬರ ಸಲಿಂಗ ಒಡಂಬಡಿಕೆ ನಡೆದಾಗ ವಿಧಿ ನಡೆಸಿದ್ದು ಲುಥೆರನ್ ಚಾಪ್ಲಿನ್. ನೆಲೆಯ ಹಿರಿಯ ಚಾಪ್ಲಿನ್ ಸದರ್ನ್ ಬ್ಯಾಪ್ಟಿಸ್ಟ್ ಪಂಗಡದವರು. ಅವರು ಸಮಾರಂಭದಲ್ಲಿ ಸುಮ್ಮನೆ ಹಾಜರಿದ್ದರು, ಅಷ್ಟಕ್ಕೇ ಪಂಗಡದೊಳಗೆ ಗದ್ದಲವೆದ್ದಿತು. ಮುಂದೆ ಅವರು ಬೇರೊಂದು ಬ್ಯಾಪ್ಟಿಸ್ಟ್ ಸಂಸ್ಥೆಯ ಸಹಿಗೆ ಬದಲಾದರು. 2013ರ ಆಗಸ್ಟ್‌ನಲ್ಲಿ ಸದರ್ನ್ ಬ್ಯಾಪ್ಟಿಸ್ಟರು ತಮ್ಮ ಚಾಪ್ಲಿನ್‌ಗಳಿಗೆ ನಿಯಮಾವಳಿಯನ್ನೇ ಹೊರಡಿಸಿದರು: ಸಲಿಂಗ ಮದುವೆ ಮಾಡಿಸಬಾರದು, ಹಾಜರಾಗಬಾರದು, ಸಲಿಂಗ ಜೋಡಿಗಳಿಗೆ ದಾಂಪತ್ಯ ಶಿಬಿರ ನಡೆಸಬಾರದು.

ಇದೇ ಹೊತ್ತಿಗೆ 2012ರ ಡಿಸೆಂಬರ್ 1ರಂದು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಕೆಡೆಟ್ ಚಾಪೆಲ್‌ನಲ್ಲಿ ಸ್ಯೂ ಫುಲ್ಟನ್ ತಮ್ಮ ಸಂಗಾತಿಯನ್ನು ಮದುವೆಯಾದರು. ವೆಸ್ಟ್ ಪಾಯಿಂಟ್‌ನಿಂದ ಹೆಣ್ಣುಮಕ್ಕಳು ಮೊದಲ ಸಲ ಪದವಿ ಪಡೆದ 1980ರ ತಂಡದವರು ಅವರು. ಮದುವೆ ಮಾಡಿಸಿದ್ದು ಸೇನೆಯ ಚಾಪ್ಲಿನ್, ಬಂದದ್ದು ಮಾತ್ರ ಡೆಲವೇರ್‌ನ ಡೋವರ್ ವಾಯುನೆಲೆಯಿಂದ.

ಈ ದೂರದಲ್ಲೇ ಇವತ್ತಿನ ಸಮಸ್ಯೆ ಇದೆ. ಕಾಗದದ ಮೇಲೆ 'ಮಾಡು, ಇಲ್ಲವೇ ಒದಗಿಸು' ಸೂತ್ರ ನ್ಯಾಯವಾಗಿದೆ. ದೊಡ್ಡ ನೆಲೆಯಲ್ಲಿ ಹತ್ತಾರು ಚಾಪ್ಲಿನ್‌ಗಳಿರುತ್ತಾರೆ, ಒಬ್ಬರು ಒಲ್ಲೆ ಎಂದರೆ ಇನ್ನೊಬ್ಬರು ಸಿಗುತ್ತಾರೆ. ಹಡಗಿನಲ್ಲಿ, ಗಡಿಯಾಚೆಯ ಸಣ್ಣ ಶಿಬಿರದಲ್ಲಿ ಇರುವುದು ಒಬ್ಬರೇ. ಅವರ ಪಂಗಡ ದಾಂಪತ್ಯ ಶಿಬಿರಕ್ಕೂ ಅಡ್ಡಿ ಹಾಕಿದ್ದರೆ, ಸಲಿಂಗ ದಂಪತಿ ಬೇರೆ ನೆಲೆಯ ಚಾಪ್ಲಿನ್ ಬರುವವರೆಗೆ ಕಾಯಬೇಕು. ದೂರು ಕೊಟ್ಟರೆ ಉತ್ತರ ಸಿದ್ಧ: ನಿಯಮ ಎಲ್ಲೂ ಮುರಿದಿಲ್ಲ. ಹಾಗಾಗಿ ಬೆಂಬಲಿಸುವ ಪಂಗಡಗಳು ತಮ್ಮ ಯುವ ಗುರುಗಳನ್ನು ಚಾಪ್ಲಿನ್ ದಳಕ್ಕೆ ಕಳಿಸುವುದು ಹೊಸ ನಿರ್ಣಯಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮದುವೆಯ ಸರ್ಕಾರಿ ಸೌಲಭ್ಯಗಳ ಕಡೆ ಸದ್ಯಕ್ಕೆ ಭದ್ರತೆ ಇದೆ. ದೇಶದಾದ್ಯಂತ ಸಲಿಂಗ ಮದುವೆಗೆ ಮಾನ್ಯತೆ ಕೊಟ್ಟ 2015ರ ಸುಪ್ರೀಂ ಕೋರ್ಟ್ ತೀರ್ಪನ್ನು ತೆಗೆದುಹಾಕಬೇಕೆಂದು ಸದರ್ನ್ ಬ್ಯಾಪ್ಟಿಸ್ಟರು 2025ರ ಜೂನ್‌ನಲ್ಲಿ ನಿರ್ಣಯ ಮಾಡಿದರೂ, ನವೆಂಬರ್‌ನಲ್ಲಿ ನ್ಯಾಯಾಲಯ ಅಂಥದೊಂದು ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಅಲ್ಲದೆ, ಯಾವುದಾದರೂ ರಾಜ್ಯದಲ್ಲಿ ಕ್ರಮಬದ್ಧವಾಗಿ ನಡೆದ ಮದುವೆಯನ್ನು ಕೇಂದ್ರ ಸರ್ಕಾರ ಒಪ್ಪಬೇಕೆಂದು 2022ರ ಡಿಸೆಂಬರ್‌ನ ಕಾನೂನು ಹೇಳುತ್ತದೆ. ಸೈನಿಕರ ವಸತಿ, ವಿಮೆ, ಪಿಂಚಣಿ ಎಲ್ಲವೂ ಕೇಂದ್ರದ ಮಾನ್ಯತೆಯ ಮೇಲೆ ನಿಂತಿರುವುದರಿಂದ ಇದು ಸಣ್ಣ ಮಾತಲ್ಲ. ತೃತೀಯ ಲಿಂಗಿ ಸೈನಿಕರ ಸ್ಥಿತಿ ಬೇರೆ. 2025ರ ಜನವರಿಯ ಅಧ್ಯಕ್ಷರ ಆದೇಶ ಅವರನ್ನು ಮತ್ತೆ ಹೊರಗಿಟ್ಟಿದೆ, ಅದರ ಜಾರಿಗೆ ಸುಪ್ರೀಂ ಕೋರ್ಟ್ ಮೇ ತಿಂಗಳಲ್ಲಿ ಅವಕಾಶ ಕೊಟ್ಟಿದೆ.

ಡಿಡಿ-214ರ ಹಣೆಬರಹ

ಹಳೆಯ ಬಿಡುಗಡೆ ಪತ್ರಗಳ ಕೆಲಸ ಇನ್ನೂ ಮುಗಿದಿಲ್ಲ. ಸಭೆಗಳು, ಸಿನಗಾಗ್‌ಗಳು ಕೈಹಚ್ಚಬಹುದಾದ ಅತಿ ದೊಡ್ಡ ಕೆಲಸವೂ ಇದೇ. ಸೇನೆ ಬಿಡುವ ಪ್ರತಿಯೊಬ್ಬರಿಗೂ ಸಿಗುವ ಪತ್ರ ಡಿಡಿ-214. ಅದರಲ್ಲಿ 24ನೇ ಅಂಕಣ ಸೇವೆಯ ಗುಣಮಟ್ಟ, 26 ಬಿಡುಗಡೆಯ ಸಂಕೇತ, 27 ಮರುಭರ್ತಿ ಸಂಕೇತ, 28 ಬಿಡುಗಡೆಗೆ ಕಾರಣ. 24ರಲ್ಲಿ 'ಗೌರವಯುತ' ಎಂದಿದ್ದರೂ 28ರಲ್ಲಿ 'ಸಲಿಂಗಿ ಎಂದು ಒಪ್ಪಿಕೊಂಡದ್ದು' ಎಂದು ಬರೆದಿದ್ದರೆ ಆ ಕಾಗದವನ್ನು ಯಾರಿಗೆ ತೋರಿಸುವುದು? ಪತ್ರಕ್ಕೆ ಎರಡು ರೂಪಗಳಿವೆ. ಒಂದನೇ ಪ್ರತಿಯಲ್ಲಿ ಕಾರಣದ ಭಾಗ ಇರುವುದಿಲ್ಲ, ನಾಲ್ಕನೇ ಪ್ರತಿಯಲ್ಲಿ ಎಲ್ಲವೂ ಇರುತ್ತದೆ. ಉದ್ಯೋಗದಾತರು, ಸೌಲಭ್ಯ ಕೊಡುವ ಕಚೇರಿಗಳು ಕೇಳುವುದು ನಾಲ್ಕನೆಯದನ್ನು.

2011ರ ಸೆಪ್ಟೆಂಬರ್ 20ರ ಇನ್ನೊಂದು ಸುತ್ತೋಲೆಯ ಪ್ರಕಾರ, ಬಿಡುಗಡೆಗೆ ಸಲಿಂಗತನವೊಂದೇ ಕಾರಣವಾಗಿದ್ದು ದಾಖಲೆಯಲ್ಲಿ ಬೇರೆ ದುರ್ನಡತೆ ಇಲ್ಲದಿದ್ದರೆ ಪತ್ರ ತಿದ್ದುವ ಸೇನಾ ಮಂಡಳಿಗಳು ಸಾಮಾನ್ಯವಾಗಿ ತಿದ್ದುಪಡಿಯ ಅರ್ಜಿ ಮಂಜೂರು ಮಾಡಬೇಕು. ಕಾರಣ 'ಸೆಕ್ರೆಟೇರಿಯಲ್ ಅಥಾರಿಟಿ' (ಕಾರ್ಯದರ್ಶಿಯ ಅಧಿಕಾರದಡಿ) ಎಂಬ ತಟಸ್ಥ ಮಾತಿಗೆ ಬದಲಾಗುತ್ತದೆ, ಸಂಕೇತ ಜೆಎಫ್‌ಎಫ್ ಆಗುತ್ತದೆ, ಮರುಭರ್ತಿ ಸಂಕೇತ ಕೂಡಲೇ ಸೇರಬಹುದಾದ ವರ್ಗಕ್ಕೆ ಹೋಗುತ್ತದೆ. ಅರ್ಜಿಗೆ ದಾರಿ ಎರಡು. ಬಿಡುಗಡೆಯಾಗಿ 15 ವರ್ಷ ಆಗದಿದ್ದರೆ ಡಿಡಿ ಫಾರ್ಮ್ 293, ಬಿಡುಗಡೆ ಪರಿಶೀಲನಾ ಮಂಡಳಿಗೆ. ಅದು ದಾಟಿದ್ದರೆ ಡಿಡಿ ಫಾರ್ಮ್ 149, ದಾಖಲೆ ತಿದ್ದುಪಡಿ ಮಂಡಳಿಗೆ. ಎರಡನೆಯದಕ್ಕೆ ತಪ್ಪು ತಿಳಿದ ಮೂರು ವರ್ಷದೊಳಗೆ ಎಂಬ ಮಿತಿ ಇದ್ದರೂ ನ್ಯಾಯದ ಹಿತದೃಷ್ಟಿಯಿಂದ ಮಂಡಳಿ ಅದನ್ನು ಮನ್ನಾ ಮಾಡಬಹುದು, ಮನ್ನಾ ಬೇಕೆಂದು ಅರ್ಜಿಯಲ್ಲಿ ಕಾರಣ ಬರೆಯಬೇಕು. ಕಾನೂನು ರದ್ದಾದದ್ದು 2011ರ ಸೆಪ್ಟೆಂಬರ್ ಆದ್ದರಿಂದ ಅದರಡಿ ಹೊರಬಿದ್ದ ಕೊನೆಯವರಿಗೂ ಫಾರ್ಮ್ 293ರ ಗಡುವು 2026ರ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ಆಮೇಲೆ ಎಲ್ಲರಿಗೂ 149 ಒಂದೇ.

ಅರ್ಜಿ ಕೆಡುವುದು ಎಲ್ಲಿ? ಮೊದಲನೆಯದಾಗಿ ಹಳೆಯ ದಾಖಲೆ ಸಿಗುವುದಿಲ್ಲ. ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ 1973ರ ಜುಲೈ 12ರಂದು ಬಿದ್ದ ಬೆಂಕಿಯಲ್ಲಿ 1912ರಿಂದ 1960ರವರೆಗೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ಸುಮಾರು 80 ಶೇಕಡಾ ಸುಟ್ಟವು. ಎಸ್‌ಎಫ್-180 ಎಂಬ, ದಾಖಲೆ ಕೋರುವ ಫಾರ್ಮ್ ಹಾಕಿದರೆ ಇರುವ ಕಡತ ಸಿಗುತ್ತದೆ, ಇಲ್ಲದಿದ್ದರೆ ಹಳೆಯ ಕಾಗದಪತ್ರ, ಜೊತೆಗಿದ್ದವರ ಪ್ರಮಾಣಪತ್ರಗಳಿಂದ ಕಟ್ಟಬೇಕು. ಎರಡನೆಯದಾಗಿ 'ಬೇರೆ ದುರ್ನಡತೆ' ಎಂಬ ಮಾತು. ಸಲಿಂಗಿ ಎಂದು ಗೊತ್ತಾದ ಮೇಲೆ ತಡವಾಗಿ ಬಂದದ್ದು, ಆಜ್ಞೆ ಮೀರಿದ್ದು ಎಂದು ಸಣ್ಣಪುಟ್ಟ ಆರೋಪಗಳನ್ನು ಪೇರಿಸಿದ್ದರೆ ಮಂಡಳಿಯ ಕಣ್ಣಿಗೆ ಕಾಣುವುದು ಆರೋಪ, ಅದರ ಹಿಂದಿನ ಕಾರಣವಲ್ಲ. ದಿನಾಂಕಗಳನ್ನು ಎದುರುಬದುರು ಇಟ್ಟು ತೋರಿಸಬೇಕು: ವಿಚಾರಣೆ ಶುರುವಾದದ್ದು ಯಾವಾಗ, ಮೊದಲ ಶಿಸ್ತುಕ್ರಮ ಯಾವಾಗ. ಮೂರನೆಯದು, ಬಹಳ ಮಂದಿ ಗೌರವಯುತಕ್ಕಿಂತ ಒಂದು ಮೆಟ್ಟಿಲು ಕೆಳಗಿನ 'ಜನರಲ್' ದರ್ಜೆಯ ಪತ್ರ ಹಿಡಿದು ತೃಪ್ತರಾಗುತ್ತಾರೆ. ಆ ದರ್ಜೆಯಲ್ಲಿ ವೈದ್ಯಕೀಯ ಸೌಲಭ್ಯ ಸಿಗಬಹುದು, ಶಿಕ್ಷಣದ ಸೌಲಭ್ಯಕ್ಕೆ ಪೂರ್ಣ ಗೌರವಯುತ ಪತ್ರವೇ ಬೇಕು.

2023ರ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಇಲಾಖೆ ಅರ್ಜಿಗೆ ಕಾಯದೆ ತಾನೇ ಕಡತ ತೆಗೆದು ನೋಡುವುದಾಗಿ ಹೇಳಿತು. 2024ರ ಅಕ್ಟೋಬರ್ ಹೊತ್ತಿಗೆ 851 ಮಂದಿಯ ಪತ್ರ ಬದಲಾಯಿತು. ಗುಣಮಟ್ಟ ನಮೂದಿಸುವಷ್ಟು ಕಾಲ ಸೇವೆ ಮಾಡಿದ್ದವರಲ್ಲಿ 96 ಶೇಕಡಾ ಮಂದಿಗೆ ಈಗ ಗೌರವಯುತ ಬಿಡುಗಡೆ ಇದೆ ಎಂಬುದು ಇಲಾಖೆಯ ಲೆಕ್ಕ. ಲೆಕ್ಕ ಚೆನ್ನಾಗಿ ಕಾಣುತ್ತದೆ. ಆದರೆ ಅದು 1994ರಿಂದ ಈಚಿನವರದು, ಅದಕ್ಕೆ ಮುಂಚೆ ಹೋದವರನ್ನು ಮುಟ್ಟಿಲ್ಲ. 28ನೇ ಅಂಕಣದ ಗುರುತು ಉಳಿದವರಿಗಾಗಿ ಬೇರೆ ಮೊಕದ್ದಮೆಯೇ ಬೇಕಾಯಿತು. ಆ ಸಾಮೂಹಿಕ ಮೊಕದ್ದಮೆಯ ರಾಜಿ ಒಪ್ಪಂದ 2025ರ ಆರಂಭದಲ್ಲಿ ಆಯಿತು, 30 ಸಾವಿರಕ್ಕೂ ಹೆಚ್ಚು ಮಾಜಿ ಸೈನಿಕರನ್ನು ಅದು ತಲುಪುತ್ತದೆ. ಕೋರ್ಟ್ ಮಾರ್ಷಲ್ ಶಿಕ್ಷೆಗೆ ಒಳಗಾದವರಿಗೆ 2024ರ ಜೂನ್ 26ರಂದು ಅಧ್ಯಕ್ಷ ಬೈಡನ್ ಕ್ಷಮಾದಾನ ಕೊಟ್ಟರು. 1951ರ ಮೇ 31ರಿಂದ 2013ರ ಡಿಸೆಂಬರ್ 26ರವರೆಗಿನ, ಸಮ್ಮತಿಯ ಸಂಬಂಧಕ್ಕಾದ ಶಿಕ್ಷೆಗಳು ಅದರಲ್ಲಿ ಬರುತ್ತವೆ. ಪತ್ರಿಕೆಯಲ್ಲಿ ಓದಿ ಕೆಲಸ ಆಯಿತು ಎಂದುಕೊಂಡವರು ಎಡವುವುದು ಇಲ್ಲೇ. ಕ್ಷಮಾದಾನದ ಪ್ರಮಾಣಪತ್ರಕ್ಕೆ ಮೊದಲು ಅರ್ಜಿ ಹಾಕಬೇಕು. ಅದು ಬಂದ ಮೇಲೆ ಬಿಡುಗಡೆ ಪತ್ರ ತಿದ್ದಲು ಮತ್ತೊಂದು ಅರ್ಜಿ.

ಮಾಜಿ ಸೈನಿಕ ತೀರಿಕೊಂಡಿದ್ದರೆ ಮರಣಪತ್ರ ಲಗತ್ತಿಸಿ ಹತ್ತಿರದ ಬಂಧು ಅರ್ಜಿ ಹಾಕಬಹುದು. ತೊಡಕು ಏನೆಂದರೆ 1980, 90ರ ದಶಕದಲ್ಲಿ ಸತ್ತವರ ಸಂಗಾತಿ ಕಾನೂನಿನ ಕಣ್ಣಿಗೆ ಬಂಧುವೇ ಅಲ್ಲ, ಎಷ್ಟು ವರ್ಷ ಒಟ್ಟಿಗೆ ಬಾಳಿದ್ದರೂ. ಸಹಿ ಮಾಡುವ ಹಕ್ಕು ತಂಗಿಗೋ ಅಣ್ಣನ ಮಗನಿಗೋ ಹೋಗುತ್ತದೆ. ಅವರಲ್ಲಿ ಎಷ್ಟೋ ಮಂದಿ ಆ ಕಾಲದಲ್ಲಿ ಸಂಬಂಧ ಕಡಿದುಕೊಂಡವರು. ಅಂಥವರ ಮನೆಗೆ ವಕೀಲರ ಕಾಗದ ಹೋದರೆ ಬಾಗಿಲು ಮುಚ್ಚುವುದೇ ಹೆಚ್ಚು. ಅವರದೇ ಊರಿನ, ಅವರದೇ ಚರ್ಚಿನ ಪಾದ್ರಿ ಫಾರ್ಮ್ 149 ಹಿಡಿದು ಹೋದರೆ ಸಹಿ ಸಿಗುವ ಸಂಭವ ಹೆಚ್ಚು.